ಪೇಂಟ್ ಹೊಡ್ಸಿ ಮಾರ್ಬೋದಿತ್ತಲ್ಲ?

ಅಜ್ಜನ ಹಳೇ ಫಿಯೆಟ್ ಕಾರು ಮಾರಿ ಎಂಟು ತಿಂಗಳಾಯ್ತು. ಇವತ್ತಿಗೂ ದಾವಣಗೆರೆ ಅಶೋಕ ರೋಡಲ್ಲಿ ಯಾರೇ ಸಿಗ್ಲಿ, ಮದ್ವೆ ಊಟಕ್ಕೆ ಪಕ್ಕದ ಎಲೆಗೆ ಯಾರೇ ಕೂರ್ಲಿ, ಕೇಳೋದು ಒಂದೇ. "ಅಲ್ಲಲೇ, ಒಂದ್ ಕೋಟ್ ಪೇಂಟ್ ಹೊಡ್ಸಿದ್ರೆ ಡಬಲ್ ರೇಟ್ ಬರ್ತಿತ್ತಲ್ಲ, ಹಂಗೇ ಯಾಕ್ ಕೊಟ್ಟೆ?" ನಮ್ಮ ಸೋದರಮಾವ ಅಂತೂ ನಾನು ಸೋಮಾರಿ, ಅದಕ್ಕೇ ಹಂಗೆ ಮಾರಿದೆ ಅಂತ ತೀರ್ಮಾನ ಮಾಡ್ಬಿಟ್ಟಿದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳ್ಸೋದು.

ಗಾಡಿ 1968ರ ಫಿಯೆಟ್ 1100 ಡಿಲೈಟ್. ಬಾಂಬೆ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಮಾಡ್ತಿದ್ದಿದ್ದು, 1089 ಸಿಸಿ ಇಂಜಿನ್, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಮುಂದೆ ಇದೇ ಹೆಸರು ಬದಲಾಯ್ಸ್ಕೊಂಡು ಪದ್ಮಿನಿ ಆಯ್ತು, ಬಾಂಬೆ ಟ್ಯಾಕ್ಸಿ ಅಂದ್ರೆ ಕಣ್ಮುಂದೆ ಬರುತ್ತಲ್ಲ, ಅದೇ. ಆಗೆಲ್ಲ ಕೈಲಿ ದುಡ್ಡಿದ್ರೂ ಕಾರು ಸಿಗ್ತಿರ್ಲಿಲ್ಲ, ಬುಕ್ ಮಾಡಿ ವರ್ಷಗಟ್ಟಲೆ ಕಾಯ್ಬೇಕಿತ್ತು, ಅಜ್ಜನೂ ಕಾದೇ ತಗೊಂಡಿದ್ದು. ಇನ್ನೂ ಮೈಸೂರು ರಾಜ್ಯ, ಹಂಗಾಗಿ ನಂಬರು ಎಂವೈ ಅಂತ ಶುರು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಆರ್‌ಸಿ ಪುಸ್ತಕದ ಮೇಲೆ ಇರೋದು ಚಿತ್ರದುರ್ಗದ ಸೀಲು.

ಇಲ್ಲಿ ಕರಾವಳಿ ತರ ಉಪ್ಪಿನ ಗಾಳಿ ಇಲ್ಲ, ಅದು ಒಂದು ಪುಣ್ಯ. ಆದ್ರೆ ನಮ್ಮ ಹಳೇ ಮನೆ ಮಂಡಕ್ಕಿ ಭಟ್ಟಿಗಳ ಕಡೆ ಇತ್ತು, ಬೆಳಗ್ಗೆ ಎದ್ರೆ ಬಾನೆಟ್ ಮೇಲೆ ಕರೀ ಮಸಿ. ಅಜ್ಜ ಅದನ್ನ ಒಣ ಬಟ್ಟೇಲಿ ಒರೆಸೋಕೆ ಬಿಡ್ತಿರ್ಲಿಲ್ಲ, "ಮೊದ್ಲು ನೀರ್ ಹೊಯ್ಯೋ, ಮಸಿ ಇಳೀಲಿ" ಅಂತ ಬೈಯ್ಯೋರು. ಐವತ್ತು ವರ್ಷದ ಮೇಲೆ ಆ ಬೈಗುಳಕ್ಕೇ ದುಡ್ಡು ಬಂತು ಅಂದ್ರೂ ತಪ್ಪಿಲ್ಲ.

ತಗೊಳ್ಳೋಕೆ ಬಂದೋರು ಬೆಂಗಳೂರಿನೋರು, ವಯಸ್ಸಾದೋರು. ಅದಕ್ಕೂ ಮುಂಚೆ ಫೋನ್ ಮಾಡಿದೋರೆಲ್ಲ "ಲಾಸ್ಟ್ ಎಷ್ಟಕ್ ಕೊಡ್ತೀರಾ" ಅಂತಲೇ ಮಾತು ಶುರು ಮಾಡಿದ್ರು, ಇವ್ರು ಮಾತ್ರ ರೇಟೇ ಕೇಳ್ಲಿಲ್ಲ, ಬಂದೋರೇ ಒಂದು ಟವೆಲ್ ಹಾಸಿ ಗಾಡಿ ಕೆಳಗೆ ಮಲ್ಕೊಂಡು ಟಾರ್ಚ್ ಬಿಟ್ರು. ಆಮೇಲೆ ಜೇಬಿಂದ ಬಟ್ಟೆ ಸುತ್ತಿದ್ದ ಒಂದು ಮ್ಯಾಗ್ನೆಟ್ ತೆಗ್ದು ಮಡ್‌ಗಾರ್ಡು, ಬಾಗಿಲ ಕೆಳಗಿನ ಅಂಚು, ಡಿಕ್ಕಿ ಮೂಲೆ, ಎಲ್ಲಾ ಕಡೆ ಇಟ್ಟು ಇಟ್ಟು ನೋಡಿದ್ರು. ತಗಡಿದ್ರೆ ಕಚ್ಕೊಳುತ್ತೆ, ಒಳಗೆ ತಗ್ಗು ಮುಚ್ಚೋ ಪುಟ್ಟಿ ದಪ್ಪಗೆ ಮೆತ್ತಿದ್ರೆ ಜಾರುತ್ತೆ. ಬಾಗಿಲು ತೆಗೆದು ಹಿಂಜ್ ಪಕ್ಕದ ಬಣ್ಣ ನೋಡಿ, ಡಿಕ್ಕಿ ಮ್ಯಾಟ್ ಎತ್ತಿ ಅಲ್ಲಿನ ಬಣ್ಣ ನೋಡಿ, ಎರಡೂ ಒಂದೇ, ಕಂಪನಿ ಬಣ್ಣವೇ ಅಂತ ಗೊತ್ತಾದ್ಮೇಲೆ ಮೊದಲ ಸಲ ನಕ್ಕಿದ್ದು. ಬಾನೆಟ್ ಮಧ್ಯೆ ಬಣ್ಣ ಸವೆದು ಪ್ರೈಮರ್ ಕಾಣ್ತಿತ್ತು, ನಾನು ಅದಕ್ಕೆ ಸಾರಿ ಕೇಳೋ ಧಾಟೀಲಿ ಏನೋ ಹೇಳೋಕೆ ಹೋದೆ. "ಇರ್ಲಿ ಬಿಡ್ರಿ, ಇದನ್ನ ನೋಡೋಕೇ ಬಂದಿದ್ದು" ಅಂದ್ರು.

ನನ್ನ ಉತ್ತರ ಇಷ್ಟೇ ಕಣ್ರಪ್ಪಾ. ಹೊಸ ಪೇಂಟ್ ಹೊಡ್ಸಿದ ಹಳೇ ಕಾರು ನೋಡಿದ್ರೆ ತಗೊಳ್ಳೋನಿಗೆ ಮೊದ್ಲು ಬರೋದು ಅನುಮಾನ. ಕೆಳಗೆ ತುಕ್ಕಿತ್ತಾ, ಆಕ್ಸಿಡೆಂಟ್ ಆಗಿತ್ತಾ, ಎಷ್ಟು ಕೆಜಿ ಪುಟ್ಟಿ ಐತೆ, ಯಾವನಿಗ್ಗೊತ್ತು? ಮುಟ್ಟದೇ ಇರೋ ಗಾಡಿ ತನ್ನ ಬಗ್ಗೆ ತಾನೇ ಸಾಕ್ಷಿ ಹೇಳುತ್ತೆ. ಟಿಂಕರಿಂಗು, ಪೇಂಟು, ಸೀಟು ಎಲ್ಲಾ ಸೇರಿ ನಂಗೆ ಎರಡು ಲಕ್ಷದ ಎಸ್ಟಿಮೇಟ್ ಕೊಟ್ಟಿದ್ರು, ಅಷ್ಟು ಸುರಿದು ಆ ಸಾಕ್ಷೀನೇ ಅಳಿಸ್ಬಿಟ್ರೆ ಯಾರ್ ಕೊಡ್ತಾರೆ ಡಬಲ್ ರೇಟು?

ನನ್ನ ದೋಸ್ತ್ ಒಬ್ಬ ಅವರಪ್ಪನ ಅಂಬಾಸಿಡರ್‌ನ ಹಿಂಗೇ ಫುಲ್ ಮಾಡ್ಸೋಕೆ ಕೊಟ್ಟ. ಮೂರು ತಿಂಗಳು ಅಂದಿದ್ದು ಎರಡು ವರ್ಷ ಶೆಡ್ಡಲ್ಲಿ ಬಿಚ್ಚಿಟ್ಕೊಂಡೇ ಇತ್ತು, ವಾಪಸ್ ಬಂದಾಗ ಒರಿಜಿನಲ್ ಬೀಡಿಂಗ್ ಇಲ್ಲ, ಹಾರ್ನ್ ರಿಂಗ್ ಇಲ್ಲ, ಗಡಿಯಾರ ಇಲ್ಲ. ಕೇಳಿದ್ರೆ "ಅದೆಲ್ಲ ಹೋಗಿತ್ತು ಅಣ್ಣ, ಗುಜರಿಗೆ ಹಾಕ್ದೆ" ಅಂದನಂತೆ ಶೆಡ್ಡಿನೋನು. ಗಾಡಿ ಮಾತ್ರ ಈಗ ಚೆರ್ರಿ ಕೆಂಪು, ಫಳಫಳ.

ಹಂಗಂತ ಏನೂ ಮುಟ್ಲೇಬಾರ್ದು ಅಂತಲ್ಲ. ಅಜ್ಜ ಹೋದ್ಮೇಲೆ ಗಾಡಿ ಆರು ವರ್ಷ ಭತ್ತದ ಗೋಡೌನಲ್ಲಿ ನಿಂತಿತ್ತು, ಇಲಿ ವೈರು ಕಡ್ದಿದ್ವು, ಸೀಟ್ ಕೆಳಗೆಲ್ಲ ಹೊಟ್ಟು. ಸ್ಟಾರ್ಟ್ ಮಾಡೋಕೆ ಮುಂಚೆ ನಮ್ಮ ಮೇಸ್ತ್ರಿ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಹಂಗೇ ಬಿಟ್ರು, ಮಾರನೇ ದಿನ ಹ್ಯಾಂಡಲ್ ಹಾಕಿ ಕೈಯ್ಯಲ್ಲೇ ತಿರುಗಿಸಿ ನೋಡಿ ಆಮೇಲೆ ಬ್ಯಾಟರಿ ಕೊಟ್ರು. ಟ್ಯಾಂಕಲ್ಲಿದ್ದ ಪೆಟ್ರೋಲ್ ಅಂಟಂಟಾಗಿತ್ತು, ತೊಳ್ಸಿದ್ವಿ. ಬ್ರೇಕಿನ ರಬ್ಬರು, ಪೆಟ್ರೋಲ್ ಪೈಪು, ಟೈರು ಇವೆಲ್ಲ ಹೊಸಾವೇ ಬೇಕು, ಅಲ್ಲಿ ಸೆಂಟಿಮೆಂಟ್ ನಡಿಯಲ್ಲ. ಬಿಚ್ಚಿದ ಹಳೇ ಸಾಮಾನು ಮಾತ್ರ ಒಂದು ಚೀಲಕ್ಕೆ ಕಟ್ಟಿಟ್ಟೆ, ತಗೊಂಡೋರು ಆ ಚೀಲಾನೂ ಬಿಡ್ಲಿಲ್ಲ. ನೆಲದ ತಗಡೇ ತೂತು ಬಿದ್ದಿದ್ರೆ ಆ ಮಾತು ಬೇರೆ, ಅಂಥದ್ದನ್ನ ರಿಪೇರಿ ಮಾಡ್ಸ್ಲೇಬೇಕು.

ಇನ್ನು ಕಾಗದ ಪತ್ರ. ಬಣ್ಣಕ್ಕಿಂತ ನಂಗೆ ಬೆವರಿಳಿಸಿದ್ದು ಇದೇ. ಆರ್‌ಸಿ ಅಜ್ಜನ ಹೆಸರಲ್ಲಿತ್ತು, ಅವ್ರು ಇಲ್ಲ ಅಂದ್ಮೇಲೆ ಮೊದ್ಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡ್ಸ್ಬೇಕು, ಆಮೇಲೆ ಮಾರೋಕೆ 29, 30. ಚಾಸಿ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೀತಾರಲ್ಲ, ನಮ್ದು ಒಂದೇ ಸಲಕ್ಕೆ ನೀಟಾಗಿ ಬಂತು, ಯಾಕಂದ್ರೆ ಅದರ ಮೇಲೆ ಯಾರೂ ಪುಟ್ಟಿ ಎಳ್ದಿರ್ಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ರೂಲ್ಸೇ ಮಾಡಿದೆ: ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರ್ಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಯ್ಸಿರ್ಬಾರ್ದು. ಹಳೇ ನಂಬರಿದ್ರೆ ಅದೇ ಉಳಿಯುತ್ತೆ, ಹೊಸದಾಗಿ ಮಾಡ್ಸೋರಿಗೆ ವಿಎ ಅನ್ನೋ ಸೀರೀಸು. ವಿಂಟೇಜ್ ಅಂತ ರಿಜಿಸ್ಟರ್ ಮಾಡ್ಸಿದ್ರೆ ದಿನಾ ಓಡ್ಸಂಗಿಲ್ಲ, ರ‍್ಯಾಲಿ, ಪ್ರದರ್ಶನ ಅಂಥದ್ದಕ್ಕೆ ಮಾತ್ರ. (ಗೊತ್ತಿರೋರು 68ರ ಗಾಡೀನ ವಿಂಟೇಜ್ ಅನ್ನಲ್ಲ, ಕ್ಲಾಸಿಕ್ ಅಂತಾರೆ. ಸರ್ಕಾರ ಅಂದ್ಮೇಲೆ ನಾನೂ ಅಂದೆ.)

ಒಂದು ಜಾಗದಲ್ಲಿ ಮಾತ್ರ ಸೋತೆ. ನಾನು ಸಣ್ಣೋನಿದ್ದಾಗ ಅಪ್ಪ ಪಿಬಿ ರೋಡಲ್ಲಿ ಎತ್ತಿನ ಗಾಡಿಗೆ ತಾಗಿಸಿ ಎಡಗಡೆ ಮಡ್‌ಗಾರ್ಡಿಗೆ ಪೇಂಟ್ ಹೊಡ್ಸಿದ್ರು, ಬಿಸಿಲಲ್ಲಿ ನೋಡಿದ್ರೆ ಅಲ್ಲಿ ಬಣ್ಣ ಒಂಚೂರು ಹಳದಿ. ಕೇಳೋಕೆ ಮುಂಚೆನೇ ನಾನೇ ಹೇಳ್ದೆ, ಫೋಟೋದಲ್ಲೂ ತೋರ್ಸಿದ್ದೆ. ಆದ್ರೂ ಮ್ಯಾಗ್ನೆಟ್ ಅಲ್ಲಿ ಜಾರಿದ ತಕ್ಷಣ ಮೂವತ್ತು ಸಾವಿರ ಕಡಿಮೆ ಮಾಡ್ಸಿದ್ರು. ಒಂದೇ ಒಂದು ಮಡ್‌ಗಾರ್ಡಿಗೆ ಮೂವತ್ತು, ಇಡೀ ಗಾಡಿಗೆ ನೀವೇ ಲೆಕ್ಕ ಹಾಕಿ.

ಇಷ್ಟೂ ಬರೆದು ಮೊದ್ಲು ಸೋದರಮಾವನಿಗೇ ಓದಿಸ್ದೆ. ಕನ್ನಡಕ ತೆಗೆದಿಟ್ಟು, ಎಲ್ಲಾ ಒಪ್ಪಿದೋರ ತರ ತಲೆ ಆಡ್ಸಿ, "ಬಂಪರ್‌ಗಾದ್ರೂ ಪಾಲಿಶ್ ಹೊಡ್ಸ್ಬೇಕಿತ್ತು ಕಣಲೇ" ಅಂದ್ರು.