ಹಳೇ ಜೆನ್, ಖಂಬಾಟ್ಕಿ ಘಾಟ್ ಮತ್ತು ಅರ್ಧ ಬಾಟಲಿ ಬೂಸ್ಟರ್

ಪುಣೆಯಿಂದ ಬೆಳಗಾವಿಗೆ, ಅಂದ್ರೆ ನಮ್ಮೂರಿಗೆ ಹೊರಟಾಗಲೆಲ್ಲ ನನ್ನ 1998ರ ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಹಳೇ ಸಾಧನ) ಇರುವ ಮಾರುತಿ ಜೆನ್‌ಗೆ ಖಂಬಾಟ್ಕಿ ಘಾಟಿನಲ್ಲೇ ಪರೀಕ್ಷೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಬಾನೆಟ್ ಒಳಗೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ. ನಾಕಿಂಗ್! ಪ್ಲಗ್ ಹಚ್ಚಿದ ಬೆಂಕಿ ಬಂದು ಮುಟ್ಟುವ ಮೊದಲೇ ಸಿಲಿಂಡರಿನ ಮೂಲೆಯಲ್ಲಿರುವ ಪೆಟ್ರೋಲ್-ಗಾಳಿ ಬಿಸಿಗೆ, ಒತ್ತಡಕ್ಕೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗೆ ಹೊತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಡೆಯುತ್ತದೆ ಅನ್ನುವುದಕ್ಕೇ ಆಕ್ಟೇನ್ ನಂಬರ್. ಶಕ್ತಿಯ ಲೆಕ್ಕ ಅಲ್ಲ ಅದು. ಗೊತ್ತಿದ್ದೂ ದುಡ್ಡು ಸುರಿದೆ ನೋಡಿ.

ಮೊದಲು ಆಕ್ಟೇನ್ ಬೂಸ್ಟರ್, ಅಂದ್ರೆ ಆಕ್ಟೇನ್ ಏರಿಸಲು ಟ್ಯಾಂಕಿಗೆ ಸುರಿಯುವ ದ್ರವ. ಬಾಟಲಿ ಮೇಲೆ 30 ಪಾಯಿಂಟ್ ಅಂತ ದಪ್ಪ ಅಕ್ಷರ. ಈ ಬಾಟಲಿಗಳ ಭಾಷೆಯಲ್ಲಿ ಒಂದು ಪಾಯಿಂಟ್ ಅಂದರೆ ಸಾಮಾನ್ಯವಾಗಿ 0.1 ಆಕ್ಟೇನ್, ಅಂದ್ರೆ ಬರೀ 3! ಅರ್ಧ ಸುರಿದೆ. ಸದ್ದು ಸ್ವಲ್ಪ ಕಮ್ಮಿ ಅನಿಸಿತು, ಕೊಟ್ಟ ದುಡ್ಡಿಗೆ ಹಾಗನಿಸಿದ್ದೂ ಇರಬಹುದು.

ಆಮೇಲೆ 100 ಆಕ್ಟೇನ್ ಪೆಟ್ರೋಲ್. ಸದ್ದು ಪೂರ್ತಿ ನಿಂತಿತು, ಆದರೆ ಪಿಕಪ್ ಅಷ್ಟೇ, ಮೈಲೇಜೂ ಅಷ್ಟೇ. ನಾಕಿಂಗ್ ಪತ್ತೆ ಹಚ್ಚುವ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ತಾನೇ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ) ಮುಂದೆ ತಂದು ಲಾಭ ತೆಗೆದುಕೊಳ್ಳಬಹುದು, ಪ್ಲಗ್ಗುಗಳಿಗೆ ಕಿಡಿ ಹಂಚುವ ನನ್ನ ಹಳೇ ಡಿಸ್ಟ್ರಿಬ್ಯೂಟರ್‌ಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

ಆಗ ತಲೆಗೆ ಹೊಳೆಯಿತು. ಈ ಕಾರು ಹೊಸದಿದ್ದಾಗ ಸಾದಾ ಪೆಟ್ರೋಲ್ 87-88 ಆಕ್ಟೇನ್. ಈಗ 20% ಎಥನಾಲ್ ಸೇರಿ ಅದು 95ರ ಹತ್ತಿರ. ಅಂದು ಬರದ ಸದ್ದು ಇಂದು ಬರುತ್ತಿದ್ದರೆ ತಪ್ಪು ಪೆಟ್ರೋಲಿನದಲ್ಲ, ಅಲ್ವಾ?

ಕಾತ್ರಜ್‌ನಲ್ಲಿ ಇಂಡಿ ಕಡೆಯ ಮೆಕ್ಯಾನಿಕ್ ಒಬ್ಬನಿದ್ದಾನೆ. ಕೇಳಿ ನಕ್ಕ. "ಸರ, ಬಾಟ್ಲಿ ಆಮ್ಯಾಲ. ಮೊದ್ಲ ಟೈಮಿಂಗ್ ನೋಡೂಣ, ಹೆಡ್ ಬಿಚ್ಚೂಣ." ಟೈಮಿಂಗ್ ಲೈಟ್ ಹಿಡಿದರೆ 4 ಡಿಗ್ರಿ ಮುಂದಿತ್ತು, ಅಂದ್ರೆ ಕಿಡಿ ಬೇಗ ಹಾರುತ್ತಿತ್ತು. ಸಿಲಿಂಡರುಗಳ ಮುಚ್ಚಳದಂತಿರುವ ಹೆಡ್ ಎತ್ತಿದರೆ ಪಿಸ್ಟನ್ ಮೇಲೆ ತಳ ಹಿಡಿದ ಪಾತ್ರೆಯ ಹಾಗೆ ಕಪ್ಪು ಕಾರ್ಬನ್. ಅದು ಜಾಗ ತಿಂದು ಕಂಪ್ರೆಶನ್ ಏರಿಸುತ್ತದೆ, ಮೇಲೆ ಕೆಂಡದಂತೆ ಕಾದು ನಾಕಿಂಗ್‌ಗೆ ದಾರಿ ಮಾಡುತ್ತದೆ. ವಾಲ್ವ್ ಸೀಲ್ ಸವೆದು ಆಯಿಲ್ ಒಳಗಿಳಿಯುತ್ತಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುತ್ತಿದ್ದ ನೀಲಿ ಹೊಗೆಗೆ ಉತ್ತರ ಸಿಕ್ಕಿತು.

ಎರಡು ಸಂಜೆ ಸೀಮೆಎಣ್ಣೆ, ಮರದ ಚಕ್ಕೆ ಹಿಡಿದು ಕೆರೆದೆ. ಸೀಲ್, ಹೆಡ್ ಗ್ಯಾಸ್ಕೆಟ್ ಹೊಸದು. ಎಥನಾಲ್‌ಗೆ ಹಳೇ ರಬ್ಬರ್ ಹಾಳಾದೀತೆಂದು ಹೆದರಿ ಪೆಟ್ರೋಲ್ ಪೈಪೂ ಬದಲಿಸಿದೆ.

ಮೊನ್ನೆ ಭಾನುವಾರ ಸಾದಾ ಪೆಟ್ರೋಲ್ ಹಾಕಿ ಘಾಟ್ ಹತ್ತಿದೆ. ಒಂದೇ ತಿರುವಿನಲ್ಲಿ ಎರಡು ಸಾಸಿವೆ ಸಿಡಿದವು, ಅಷ್ಟೇ. ಮುಂದಿನ ವಾರ ಕಾರ್ಬುರೇಟರ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರ) ನೋಡಬೇಕು. ಉಳಿದರ್ಧ ಬೂಸ್ಟರ್ ಯಾರಿಗಾದರೂ ಬೇಕಾ?