ಅನಿಮೆ ವಿಡಿಯೊ ಪ್ರಬಂಧ, ಕೆಲಸದ ದಾಖಲೆ: ಸೆಕೆಂಡಿಗೆ ಎಷ್ಟು ಚಿತ್ರ?

ಈ ವಿಡಿಯೊದ ವಿಷಯ ಚಿಕ್ಕದು. ಅನಿಮೆಯಲ್ಲಿ, ಅಂದರೆ ಜಪಾನಿನ ಅನಿಮೇಶನ್‌ನಲ್ಲಿ, ಸೆಕೆಂಡಿಗೆ 24 ಚಿತ್ರ ಬರೆಯುತ್ತಾರೆ ಅನ್ನುವ ಮಾತು ಎಷ್ಟು ನಿಜ, ಚಿತ್ರ ಕಡಿಮೆಯಾದರೆ ಕೆಲಸ ಕಳಪೆ ಅನ್ನುವ ತೀರ್ಮಾನ ಎಲ್ಲಿ ಎಡವುತ್ತದೆ ಅನ್ನುವುದಷ್ಟೆ. ಉದ್ದ 12 ನಿಮಿಷ. ಸ್ಕ್ರಿಪ್ಟ್, ಚಿತ್ರ ಎಣಿಕೆ, ಧ್ವನಿ ಮುಗಿದಿವೆ. ಎಡಿಟ್‌ನ ಎರಡನೇ ಪ್ರತಿ ಪ್ರೈವೇಟ್ ಅಪ್‌ಲೋಡ್ ಆಗಿ ಯೂಟ್ಯೂಬ್‌ನ ಕಾಪಿರೈಟ್ ತಪಾಸಣೆಯಲ್ಲಿದೆ.

ಹಂತಗಳಿಗೆ ಹೋಗುವ ಮುಂಚೆ ಒಂದು ಮಾತು. ಅನಿಮೆ ಚಾನೆಲ್‌ನಲ್ಲಿ ಕಾಪಿರೈಟ್ ಲೆಕ್ಕ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಶುರುವಾಗಬೇಕು. ಎಡಿಟ್ ಮುಗಿಯಲಿ, ಆಮೇಲೆ ನೋಡಿಕೊಳ್ಳೋಣ ಅಂದುಕೊಂಡವರು ಅದೇ ಎಡಿಟನ್ನು ಇನ್ನೊಂದು ಸಲ ಮಾಡುತ್ತಾರೆ. ಕೆಳಗಿನ ಬಹುಪಾಲು ನಿರ್ಧಾರಗಳು ಇದನ್ನು ಇಟ್ಟುಕೊಂಡೇ ಆದವು.

ಸ್ಕ್ರಿಪ್ಟ್

ವಿವರಣೆಯ ವೇಗದಲ್ಲಿ ಕನ್ನಡ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಹೋಗುತ್ತದೆ. ಮಾತಿಲ್ಲದೆ ಚಿತ್ರ ಮಾತ್ರ ಓಡುವ ಜಾಗಗಳನ್ನು ಕಳೆದರೆ 12 ನಿಮಿಷಕ್ಕೆ 1,100 ಪದ ಸಾಕು. ಹಾಳೆಯಲ್ಲಿ ಮೂರು ಕಾಲಂ: ಹೇಳುವ ಮಾತು, ಆಗ ತೆರೆಯ ಮೇಲೆ ಏನು, ಅದೇ ಯಾಕೆ. ಮೂರನೇ ಕಾಲಂನಲ್ಲಿ 'ಚೆನ್ನಾಗಿ ಕಾಣುತ್ತೆ' ಅಂತ ಬಿಟ್ಟರೆ ಬರೆಯಲು ಬೇರೇನೂ ಇಲ್ಲದಿದ್ದರೆ ಆ ಕ್ಲಿಪ್ ಬೇಡ. ಮುಂದೆ ಕ್ಲೇಮ್ (ಕ್ಲಿಪ್ ನಮ್ಮದು ಎಂಬ ಹಕ್ಕುದಾರರ ದಾವೆ) ಬಂದಾಗ ಡಿಸ್ಪ್ಯೂಟ್, ಅಂದರೆ ತಕರಾರು, ಬರೆಯುವುದು ಇದೇ ಕಾಲಂ ನೋಡಿಕೊಂಡು.

ಇತಿಹಾಸದ ಭಾಗಕ್ಕೆ ಎರಡೇ ನಿಮಿಷ. ತೋಎಯ್ ದೋಗ ಎಂಬ ಅನಿಮೇಶನ್ ಸ್ಟುಡಿಯೊ ಶುರುವಾದದ್ದು 1956ರಲ್ಲಿ, ಅದರ ಮೊದಲ ಬಣ್ಣದ ಪೂರ್ಣಾವಧಿ ಚಿತ್ರ 'ಹಕುಜಾದೆನ್' ಬಂದದ್ದು 1958ರಲ್ಲಿ. ತೆಜುಕಾ ಒಸಾಮು ಅವರ ಮುಶಿ ಪ್ರೊಡಕ್ಷನ್ 1963ರ ಜನವರಿ 1ರಿಂದ 'ತೆತ್ಸುವಾನ್ ಆತೊಮು' ಧಾರಾವಾಹಿಯನ್ನು ವಾರಕ್ಕೊಂದು ಕಂತಿನಂತೆ ಕೊಟ್ಟಿತು. 1966ರ ಕೊನೆಗೆ ಒಟ್ಟು 193 ಕಂತು. ಆ ವೇಗಕ್ಕೆ ಹೊಂದಲು ಒಂದೇ ಚಿತ್ರವನ್ನು ಮೂರು ಫ್ರೇಮ್ (ತೆರೆಯ ಮೇಲೆ ಸೆಕೆಂಡಿಗೆ 24ರಂತೆ ಓಡುವ ಬಿಂಬ) ನಿಲ್ಲಿಸುವುದು, ಮುಖ ಅಲುಗದೆ ಬಾಯಿ ಮಾತ್ರ ಬೇರೆ ಸೆಲ್‌ನಲ್ಲಿ, ಅಂದರೆ ಪಾರದರ್ಶಕ ಹಾಳೆಯಲ್ಲಿ, ಆಡುವುದು, ಒಮ್ಮೆ ಬರೆದ ಹಾರಾಟದ ದೃಶ್ಯವನ್ನು 'ಬ್ಯಾಂಕ್'ನಲ್ಲಿಟ್ಟು ಮತ್ತೆ ಮತ್ತೆ ಬಳಸುವುದು ಇವೆಲ್ಲ ದಿನನಿತ್ಯದ ರೂಢಿಯಾದವು. ಹಾಗಂತ ಹೀಗೆ ಕಡಿಮೆ ಚಿತ್ರದಲ್ಲಿ ಮುಗಿಸುವ ಲಿಮಿಟೆಡ್ ಅನಿಮೇಶನ್ ತೆಜುಕಾ ಕಂಡುಹಿಡಿದದ್ದು ಎಂದು ಬರೆದರೆ ತಪ್ಪು. ಅಮೆರಿಕದ ಯುಪಿಎ ಮತ್ತು ಹ್ಯಾನಾ-ಬಾರ್ಬೆರಾ ಸ್ಟುಡಿಯೊಗಳು 1950ರ ದಶಕದಲ್ಲೇ ಆ ದಾರಿಯಲ್ಲಿದ್ದವು. ಆತೊಮುವಿನ ಒಂದು ಕಂತನ್ನು ತೆಜುಕಾ ಎಷ್ಟಕ್ಕೆ ಮಾರಿದರು ಎಂಬ ಪ್ರಸಿದ್ಧ ಅಂಕಿ ಒಬ್ಬೊಬ್ಬರು ಹೇಳುವಾಗ ಒಂದೊಂದು ಥರ ಇದೆ. ಅದನ್ನು ಸ್ಕ್ರಿಪ್ಟ್‌ನಿಂದ ಕಿತ್ತುಹಾಕಿದ್ದೇವೆ. ಕಮೆಂಟ್‌ನಲ್ಲಿ ಅದೇ ಜಗಳವಾಗಿ ಮುಖ್ಯ ವಿಷಯ ಮುಳುಗುತ್ತದೆ.

ಯಾವ ಕಟ್ (ದೃಶ್ಯದ ಒಂದು ತುಣುಕು) ಯಾರು ಬರೆದದ್ದು ಎಂದು ಹೇಳುವಾಗಲೂ ಜೋಪಾನ. ಕಂತಿನ ಕೊನೆಯ ಹೆಸರುಪಟ್ಟಿ ಗೆಂಗ, ಅಂದರೆ ಮುಖ್ಯ ಭಂಗಿಗಳನ್ನು ಬರೆದವರನ್ನೆಲ್ಲ ಒಟ್ಟಿಗೆ ಹೇಳುತ್ತದೆ, ಕಟ್‌ಗೊಬ್ಬರಂತೆ ಹೇಳುವುದಿಲ್ಲ. ಅಭಿಮಾನಿಗಳು ಅನಿಮೇಶನ್ ತುಣುಕು ಸೇರಿಸುವ ಸಕುಗಬೂರು ತಾಣದಲ್ಲಿ ಕ್ಲಿಪ್‌ಗೆ 'ಪ್ರಿಸ್ಯೂಮ್ಡ್' ಎಂಬ ಟ್ಯಾಗ್ ಅಂಟಿದ್ದರೆ ಅದು ಬಲ್ಲವರ ಊಹೆ, ಅಷ್ಟೆ. ಅಂಥ ಕಡೆ ವಿಡಿಯೊದಲ್ಲೂ 'ಬರೆದಿರಬಹುದು' ಅಂತಲೇ ಬರಬೇಕು.

ಚಿತ್ರ ಎಣಿಕೆ

ಹೆಚ್ಚು ಶ್ರಮ ಹಿಡಿದದ್ದು ಇಲ್ಲಿ. ಇಡೀ ವಾದ ನಿಂತಿರುವುದು ಈ ಎಣಿಕೆಯ ಮೇಲೆ.

ಮೂಲ ಫೈಲ್ ಸೆಕೆಂಡಿಗೆ 23.976, ಅಂದರೆ ಹೆಚ್ಚುಕಡಿಮೆ 24 ಫ್ರೇಮ್‌ನದ್ದಾಗಿರಬೇಕು. ಸ್ಕ್ರೀನ್ ರೆಕಾರ್ಡಿಂಗ್‌ನಿಂದ ತೆಗೆದದ್ದು ಎಣಿಕೆಗೆ ಕೆಲಸಕ್ಕೆ ಬಾರದು. 60 ಫ್ರೇಮ್‌ನಲ್ಲಿ ಹಿಡಿದಾಗ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬೀಳುತ್ತದೆ, ನಡುವೆ ಒಂದೆರಡು ಬಿಟ್ಟೂ ಹೋಗುತ್ತವೆ. ಹಳೆಯ ಡಿವಿಡಿಗಳು 29.97ರ ಇಂಟರ್‌ಲೇಸ್ (ಒಂದು ಫ್ರೇಮ್ ಎರಡು ಅರ್ಧಗಳಾಗಿ, ಅಂದರೆ ಎರಡು ಫೀಲ್ಡ್ ಆಗಿ ಬರುವ ಬಗೆ) ಆಗಿದ್ದರೆ ಎಫ್ಎಫ್ಎಂಪೆಗ್ ತಂತ್ರಾಂಶದ ಫೀಲ್ಡ್‌ಮ್ಯಾಚ್, ಅದರ ಬೆನ್ನಿಗೆ ಡೆಸಿಮೇಟ್ ಫಿಲ್ಟರ್ ಹಾಕಿ 23.976ಕ್ಕೆ ಇಳಿಸಬೇಕು. ಬರೀ ಡಿಇಂಟರ್‌ಲೇಸ್ ಮಾಡಿದರೆ ಪ್ರತಿ ಐದನೇ ಫ್ರೇಮ್ ನಕಲಾಗಿ ಉಳಿದು ಲೆಕ್ಕ ಕೆಡುತ್ತದೆ. ಕೆಲವು ಕಂತುಗಳಲ್ಲಿ ಚಿತ್ರ 24ರದ್ದು, ಮೇಲೆ ಹರಿಯುವ ಹೆಸರುಪಟ್ಟಿ ಮಾತ್ರ 60 ಫೀಲ್ಡ್‌ನದ್ದು. ಆ ಭಾಗ ಯಾವ ಫಿಲ್ಟರ್‌ಗೂ ಬಗ್ಗುವುದಿಲ್ಲ, ಮುಟ್ಟದಿರುವುದೇ ವಾಸಿ.

ಎಣಿಸುವ ವಿಧಾನ ಎರಡು. ಎಂಪಿವಿ ಪ್ಲೇಯರ್‌ನಲ್ಲಿ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮ ಒತ್ತಿದರೆ ಒಂದು ಹಿಂದೆ. ನಿಧಾನ, ಆದರೆ ನಂಬಬಹುದು. ಇನ್ನೊಂದು, ಎಡಿಟರ್‌ನಲ್ಲಿ ಅದೇ ಕ್ಲಿಪ್‌ನ ಪ್ರತಿಯನ್ನು ಮೇಲಿನ ಟ್ರ್ಯಾಕ್‌ಗೆ ಹಾಕಿ ಒಂದು ಫ್ರೇಮ್ ಜರುಗಿಸಿ, ಬ್ಲೆಂಡ್ ಮೋಡನ್ನು ಡಿಫರೆನ್ಸ್‌ಗೆ ಇಡುವುದು. ಚಿತ್ರ ಬದಲಾಗದ ಫ್ರೇಮ್ ಕಪ್ಪಾಗಿ ಕಾಣುತ್ತದೆ, ಬದಲಾದ ಕಡೆ ಅಂಚುಗಳು ಹೊಳೆಯುತ್ತವೆ. ಕಂಪ್ರೆಶನ್ ಗದ್ದಲವೂ ಮಸುಕಾಗಿ ಕಾಣುವುದರಿಂದ ಕಪ್ಪಿನ ಮಟ್ಟ ಸ್ವಲ್ಪ ಕೆಳಕ್ಕೆ ಒತ್ತಬೇಕು.

ನಕಲು ಫ್ರೇಮ್ ಹುಡುಕುವ ತಂತ್ರಾಂಶಕ್ಕೇ ಈ ಕೆಲಸ ಬಿಡಬಹುದಲ್ಲ ಅನ್ನಿಸುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿಯುವ, ಅಂದರೆ ಪ್ಯಾನ್ ಇರುವ ಕಟ್‌ನಲ್ಲಿ ಅದು ಕೈಕೊಡುತ್ತದೆ. ಹಿನ್ನೆಲೆ ಪ್ರತಿ ಫ್ರೇಮ್‌ಗೂ ಜರುಗುತ್ತಿರುತ್ತದೆ, ಆದ್ದರಿಂದ ತಂತ್ರಾಂಶದ ಕಣ್ಣಿಗೆ ಎಲ್ಲ ಫ್ರೇಮೂ ಹೊಸದು. ಪಾತ್ರ ಮಾತ್ರ ಮೂರು ಫ್ರೇಮ್‌ಗೊಮ್ಮೆ ಬದಲಾಗುತ್ತಿದೆ ಎಂಬುದು ಅದಕ್ಕೆ ತಿಳಿಯದು. ಫಿಲ್ಮ್ ಗ್ರೇನ್ (ಫಿಲ್ಮಿನ ಸಣ್ಣ ಚುಕ್ಕೆಗಳು) ಇರುವ ಹಳೆಯ ಕೃತಿಗಳಲ್ಲೂ ಇದೇ ಪಾಡು. ಕಂಪ್ಯೂಟರ್ ಮಾದರಿಯ ಪಾತ್ರಗಳಲ್ಲಿ ಕೈಬರಹದ ಚಿತ್ರಕ್ಕೆ ಹೊಂದಲೆಂದೇ ಫ್ರೇಮ್ ಕಿತ್ತು ಎರಡರ ಅಥವಾ ಮೂರರ ಲಯಕ್ಕೆ (ಎರಡು ಅಥವಾ ಮೂರು ಫ್ರೇಮ್‌ಗೊಂದು ಚಿತ್ರ) ತಂದಿರುತ್ತಾರೆ, ಕ್ಯಾಮೆರಾ ಮಾತ್ರ ಪ್ರತಿ ಫ್ರೇಮ್‌ಗೂ ಓಡುತ್ತಿರುತ್ತದೆ.

ವಿಡಿಯೊದ ನಡುಭಾಗಕ್ಕೆ ಆರಿಸಿಕೊಂಡಿರುವುದು ಎರಡು ಸೆಕೆಂಡಿನ ನಡಿಗೆಯ ಒಂದು ಕಟ್. ಒಟ್ಟು 48 ಫ್ರೇಮ್. ಕಾಲುಗಳು ಎರಡು ಫ್ರೇಮ್‌ಗೊಂದರಂತೆ 24 ಚಿತ್ರ. ಕೂದಲು ಮೂರು ಫ್ರೇಮ್‌ಗೊಂದರಂತೆ 16. ಹಿನ್ನೆಲೆ ಒಂದೇ ಚಿತ್ರ, ಅದು 48 ಸಲ ಜರುಗುತ್ತದೆ. ಬಾಯಿಗೆ ಮುಚ್ಚಿದ್ದು, ಅರೆ ತೆರೆದದ್ದು, ತೆರೆದದ್ದು ಎಂದು ಮೂರೇ ಆಕಾರ, ಅವೇ ಮರುಕಳಿಸುತ್ತವೆ. ಈಗ ಸೆಕೆಂಡಿಗೆ ಎಷ್ಟು ಚಿತ್ರ ಎಂದು ಕೇಳಿದರೆ ಒಂದು ಉತ್ತರವೇ ಇಲ್ಲ. ಯಾವ ಪದರದ್ದು ಎಂದು ಮರುಪ್ರಶ್ನೆ ಕೇಳಬೇಕಾಗುತ್ತದೆ. ಸ್ಟುಡಿಯೊದ ಟೈಮ್‌ಶೀಟ್ ಕೂಡ ಹಾಗೇ ಇರುತ್ತದೆ. ಒಂದು ಹಾಳೆಗೆ 6 ಸೆಕೆಂಡ್, ಅಂದರೆ 144 ಸಾಲು. ಎ, ಬಿ, ಸಿ ಎಂದು ಪದರಕ್ಕೊಂದು ಕಾಲಂ. ನೋಡುವವರಿಗೆ ಆ ಹಾಳೆಯ ಮಾದರಿಯನ್ನು ತೆರೆಯ ಮೇಲೆ ತುಂಬುತ್ತಾ ತೋರಿಸಿದರೆ ಐದು ನಿಮಿಷದ ವಿವರಣೆ ನಲವತ್ತು ಸೆಕೆಂಡಿಗೆ ಇಳಿಯುತ್ತದೆ. ಅದನ್ನು ನಾವೇ ಬರೆದುಕೊಂಡ ಕಾರಣ ಕ್ಲಿಪ್ ಅವಲಂಬನೆಯೂ ತಗ್ಗಿತು.

ಎಡಿಟರ್‌ನ ಟೈಮ್‌ಲೈನ್ ಕಡ್ಡಾಯವಾಗಿ 23.976. ಅಭ್ಯಾಸಬಲದಿಂದ 30ಕ್ಕೆ ಇಟ್ಟರೆ ಪ್ರತಿ ನಾಲ್ಕನೇ ಫ್ರೇಮ್ ಎರಡಾಗುತ್ತದೆ. ಎರಡರ ಲಯ 2-3-2-3 ಆಗುತ್ತದೆ, ಮೂರರ ಲಯ 3-4-4-4 ಆಗುತ್ತದೆ. ಲಯದ ಬಗ್ಗೆಯೇ ಮಾತಾಡುವ ವಿಡಿಯೊದಲ್ಲಿ ಲಯ ಕೆಟ್ಟಿದ್ದರೆ ಬಲ್ಲವರು ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ. ಯೋಜನೆಯಲ್ಲಿ ಮೊದಲ ಕ್ಲಿಪ್ ಇಡುವ ಮುಂಚೆಯೇ ಇದನ್ನು ಹೊಂದಿಸಬೇಕು. ಕೆಲವು ಎಡಿಟರ್‌ಗಳು ಆಮೇಲೆ ಬದಲಿಸಲು ಬಿಡುವುದಿಲ್ಲ.

ಧ್ವನಿ

48 ಕಿಲೋಹರ್ಟ್ಸ್, ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆ. ಗಟ್ಟಿ ಮಾತು -10 ಡಿಬಿ ದಾಟದಂತೆ ರೆಕಾರ್ಡಿಂಗ್ ಮಟ್ಟ (ಗೇನ್). 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಜೋರು-ಮೆಲುವಿನ ಅಂತರ ತಗ್ಗಿಸಲು 3:1 ಕಂಪ್ರೆಶನ್, ಕೊನೆಗೆ ಒಟ್ಟು ಮಿಶ್ರಣ -14 ಎಲ್‌ಯುಎಫ್ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಅತಿ ಎತ್ತರದ ಬಿಂದು, ಅಂದರೆ ಟ್ರೂ ಪೀಕ್, -1 ಡಿಬಿ. ಯೂಟ್ಯೂಬ್ ಜೋರಾದದ್ದನ್ನು ಆ ಮಟ್ಟಕ್ಕೆ ತಗ್ಗಿಸುತ್ತದೆ, ಮೆಲ್ಲಗಿದ್ದದ್ದನ್ನು ಎತ್ತುವುದಿಲ್ಲ. ಜಪಾನಿ ಹೆಸರುಗಳನ್ನು ಓದುವ ಹಾಳೆಯಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಂಡರೆ ದೀರ್ಘ ಸ್ವರಗಳು ತಪ್ಪುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಅವು ಸಾಮಾನ್ಯವಾಗಿ ಮಾಯವಾಗಿರುತ್ತವೆ.

ಎಡಿಟ್

ಪ್ರತಿ ಕ್ಲಿಪ್‌ನ ಮೇಲೂ ಕೆಲಸ ನಡೆದಿರಬೇಕು: ಫ್ರೇಮ್ ಎಣಿಸುವ ಅಂಕಿ, ನಿಲ್ಲಿಸಿ ಎಳೆದ ಬಾಣ, ಪಕ್ಕಪಕ್ಕದ ಹೋಲಿಕೆ. ಸರಾಸರಿ ಉದ್ದ 4 ಸೆಕೆಂಡ್ ಬಂದಿದೆ. ಅತಿ ಉದ್ದದ್ದು 11 ಸೆಕೆಂಡ್, ಅದು ಆ ನಡಿಗೆಯ ಕಟ್ ನಿಧಾನಗತಿಯಲ್ಲಿ ಓಡುವಾಗ. ಕ್ಲಿಪ್‌ಗಳ ಮೂಲ ಧ್ವನಿಯೆಲ್ಲ ಬಂದ್. ಆರಂಭಗೀತೆ, ಅಂತ್ಯಗೀತೆ ಹಿನ್ನೆಲೆಗೂ ಬೇಡ. ಯೂಟ್ಯೂಬ್‌ನ ಸ್ವಯಂಚಾಲಿತ ಕಾಪಿರೈಟ್ ಪತ್ತೆ ವ್ಯವಸ್ಥೆ ಕಂಟೆಂಟ್ ಐಡಿ ಅತಿ ಬೇಗ ಹಿಡಿಯುವುದು ಸಂಗೀತವನ್ನು.

ಕೆಲವು ಟೈಟಲ್ ಟೂಲ್‌ಗಳು ಕನ್ನಡದ ಒತ್ತಕ್ಷರವನ್ನು ಬಿಡಿಸಿ ಪಕ್ಕಕ್ಕೆ ಇಟ್ಟುಬಿಡುತ್ತವೆ. ಅಂಥಲ್ಲಿ ಅಕ್ಷರಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಮಾಡಿ ಪಾರದರ್ಶಕ ಪಿಎನ್‌ಜಿ ಆಗಿ ತರುವುದು ಸುಲಭ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ.

ಡಿವಿಡಿ ಮೂಲದ ಬಣ್ಣದ ಮಾನಕ ಬಿಟಿ 601, ಎಚ್‌ಡಿಯದ್ದು ಬಿಟಿ 709. ಬೆರೆಸುವಾಗ ಪರಿವರ್ತನೆ ಮಾಡದಿದ್ದರೆ ಕೆಂಪು, ಹಸಿರು ಸ್ವಲ್ಪ ವಾಲುತ್ತವೆ. ಬಣ್ಣದ ಬಗ್ಗೆ ವಾದ ಮಾಡುವ ವಿಡಿಯೊಗಳಲ್ಲಿ ಇದು ದೊಡ್ಡ ಎಡವಟ್ಟು. ರಫ್ತು 1080ರಲ್ಲಿ ಮಾಡಿದಾಗ ಸಂಜೆಯ ಆಕಾಶದಂಥ ಸಪಾಟು ಬಣ್ಣಗಳಲ್ಲಿ ಪಟ್ಟೆಗಳು ಎದ್ದವು. 2160ಕ್ಕೆ ಹಿಗ್ಗಿಸಿ 40 ಎಂಬಿಪಿಎಸ್‌ನಲ್ಲಿ ಕಳಿಸಿದ ಮೇಲೆ ಬಹುಪಾಲು ಹೋದವು, ಆ ಅಳತೆಗೆ ಯೂಟ್ಯೂಬ್ ಕೊಡುವ ಬಿಟ್‌ರೇಟ್ ಹೆಚ್ಚು.

ಕ್ಲೇಮ್ ಮತ್ತು ಸ್ಟ್ರೈಕ್

ಮೊದಲು ಎರಡು ಪುಕಾರುಗಳನ್ನು ಬದಿಗಿಡೋಣ. '7 ಸೆಕೆಂಡ್ ಒಳಗಿದ್ದರೆ ಏನೂ ಆಗಲ್ಲ' ಎಂಬ ನಿಯಮ ಎಲ್ಲೂ ಇಲ್ಲ. ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು, ಸುತ್ತ ಚೌಕಟ್ಟು ಕಟ್ಟುವುದು ಕ್ಲೇಮ್ ತಡೆಯುವ ಖಾತರಿ ಉಪಾಯಗಳಲ್ಲ. ಅದಕ್ಕಿಂತ ಹೆಚ್ಚಾಗಿ, ಬಚ್ಚಿಡಲು ಮಾಡಿದ ಪ್ರಯತ್ನದಂತೆ ಕಂಡು ವಿಮರ್ಶೆ ಎಂಬ ವಾದವನ್ನೇ ದುರ್ಬಲ ಮಾಡುತ್ತವೆ.

ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕಂಟೆಂಟ್ ಐಡಿ ಕ್ಲೇಮ್ ಬಂದರೆ ವಿಡಿಯೊ ಎಲ್ಲೆಡೆ ಮುಚ್ಚಬಹುದು, ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗಬಹುದು, ಅಥವಾ ಕೆಲವು ದೇಶಗಳಲ್ಲಷ್ಟೇ ಮುಚ್ಚಬಹುದು. ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ಬೀಳುವ ದಂಡದ ಗುರುತು, ಬರುವುದು ಹಕ್ಕುದಾರರು ವಿಡಿಯೊವನ್ನು ವಿಧಿಬದ್ಧವಾಗಿ ತೆಗೆಸಿದಾಗ. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್‌ಗೆ ಡಿಸ್ಪ್ಯೂಟ್ ಹಾಕಿದರೆ ಹಕ್ಕುದಾರರಿಗೆ ಉತ್ತರಿಸಲು 30 ದಿನ. ಅವರು ನಿರಾಕರಿಸಿ, ನಾವು ಅಪೀಲ್ ಹೋದರೆ 7 ದಿನ. ಅಪೀಲ್‌ನಲ್ಲೂ ಅವರು ಒಪ್ಪದೆ ತೆಗೆಸಿದರೆ ಅದು ಸ್ಟ್ರೈಕ್. ಹಾಗಾಗಿ ಅಪೀಲ್ ಗುಂಡಿ ಒತ್ತುವ ಮುಂಚೆ ಆ ಕ್ಲಿಪ್ ಅಷ್ಟು ಬೆಲೆಯದ್ದೇ ಎಂದು ಯೋಚಿಸಬೇಕು. ಕ್ಲೇಮ್ ಬಂದ 5 ದಿನದೊಳಗೆ ಡಿಸ್ಪ್ಯೂಟ್ ಹಾಕಿದರೆ ಮೊದಲ ದಿನದಿಂದಲೂ ಆದಾಯವನ್ನು ತಡೆದಿಟ್ಟು ಗೆದ್ದವರಿಗೆ ಕೊಡುತ್ತಾರೆ. ತಡಮಾಡಿದರೆ ಡಿಸ್ಪ್ಯೂಟ್ ಹಾಕಿದ ದಿನದಿಂದ ಮಾತ್ರ.

ಕಾನೂನಿನ ನೆಲೆಯೂ ದೇಶಕ್ಕೊಂದು. ಅನುಮತಿಯಿಲ್ಲದೆ ನ್ಯಾಯವಾಗಿ ಬಳಸಲು ಬಿಡುವ ಅಮೆರಿಕದ 'ಫೇರ್ ಯೂಸ್' ವಿನಾಯಿತಿ ಉದ್ದೇಶ, ಕೃತಿಯ ಸ್ವರೂಪ, ಬಳಸಿದ ಪ್ರಮಾಣ, ಮಾರುಕಟ್ಟೆಯ ಮೇಲಿನ ಪರಿಣಾಮ ಎಂಬ ನಾಲ್ಕು ಅಂಶ ತೂಗುತ್ತದೆ. ಜಪಾನಿನಲ್ಲಿ ಅಂಥ ಸಾಮಾನ್ಯ ವಿನಾಯಿತಿ ಇಲ್ಲ. ಅಲ್ಲಿಯ ಕಾಯ್ದೆಯ 32ನೇ ವಿಧಿ ಉದ್ಧರಣೆಗೆ ಅವಕಾಶ ಕೊಡುತ್ತದೆ, ಆದರೆ ನಮ್ಮ ಮಾತು ಮುಖ್ಯವಾಗಿ, ಉದ್ಧರಣೆ ಅಧೀನವಾಗಿ ಇರಬೇಕು. ಈ ವ್ಯತ್ಯಾಸ ಕಣ್ಣಿಗೆ ಕಟ್ಟಿದ್ದು 2021ರ ಡಿಸೆಂಬರ್‌ನಲ್ಲಿ. ಅನಿಮೆ ವಿಮರ್ಶೆಯ 'ಟೋಟಲಿ ನಾಟ್ ಮಾರ್ಕ್' ಚಾನೆಲ್‌ನ ಸುಮಾರು 150 ವಿಡಿಯೊಗಳ ಮೇಲೆ ತೋಎಯ್ ಅನಿಮೇಶನ್ (ಹಿಂದಿನ ತೋಎಯ್ ದೋಗ) ಕ್ಲೇಮ್ ಹಾಕಿತು. 2022ರ ಜನವರಿಯಲ್ಲಿ ವಿಡಿಯೊಗಳು ಮರಳಿದವು, ಜಪಾನ್ ಬಿಟ್ಟು. ವರ್ಷಗಟ್ಟಲೆ ದುಡಿದು ಕಟ್ಟಿದ ಚಾನೆಲ್ ಎಷ್ಟು ತೆಳುವಾದ ನೆಲದ ಮೇಲಿದೆ ಎಂದು ಈ ಕ್ಷೇತ್ರದಲ್ಲಿ ಇರುವವರಿಗೆಲ್ಲ ಆಗ ಅರಿವಾಯಿತು.

ಈ ವಿಡಿಯೊದ ಮೊದಲ ಪ್ರತಿಗೆ ಪ್ರೈವೇಟ್ ತಪಾಸಣೆಯಲ್ಲೇ ಒಂದು ಕ್ಲೇಮ್ ಬಂತು, ಹೊಡೆದಾಟದ 9 ಸೆಕೆಂಡ್ ಕ್ಲಿಪ್‌ಗೆ. ಮೂರನೇ ಕಾಲಂ ತೆರೆದು ನೋಡಿದರೆ ವಾದಕ್ಕೆ ಬೇಕಿದ್ದುದು ಅದರ 2 ಸೆಕೆಂಡ್ ಮಾತ್ರ. ಉಳಿದದ್ದನ್ನು ಬಿಡಿ ಫ್ರೇಮ್‌ಗಳಾಗಿ ಇಟ್ಟು ಮೇಲೆ ಎಣಿಕೆ ಬರೆದಿದ್ದೇವೆ. ಪ್ರಕಟಿಸಿದ ಮೇಲೆ ಅದೇ ಕೊಂಡಿಯಲ್ಲಿ ಹೊಸ ಫೈಲ್ ಹಾಕಲು ಆಗದು, ಯೂಟ್ಯೂಬ್ ಸ್ಟುಡಿಯೊದಲ್ಲಿ ಕತ್ತರಿಸುವಂಥ ಸಣ್ಣ ಬದಲಾವಣೆ ಮಾಡಬಹುದು ಅಷ್ಟೆ. ಅದಕ್ಕೇ ಈ ತಪಾಸಣೆ ಮುಗಿಯುವವರೆಗೆ ಪ್ರಕಟಣೆಯ ದಿನ ನಿಗದಿ ಮಾಡುವುದಿಲ್ಲ. ಕೈಯಾರೆ ಹಾಕುವ ಕ್ಲೇಮ್‌ಗಳು ತಿಂಗಳುಗಳ ನಂತರವೂ ಬರಬಹುದು, ಆದ್ದರಿಂದ ಪ್ರಾಜೆಕ್ಟ್ ಫೈಲ್, ಕಾಲಂ ಹಾಳೆ ಎರಡೂ ಬ್ಯಾಕಪ್‌ನಲ್ಲಿವೆ.

ದುಡ್ಡು

ಜಾಹೀರಾತು ಆದಾಯ ತೆರೆಯಲು 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ. ಉದ್ದ ವಿಡಿಯೊದಲ್ಲಿ ಚಾನೆಲ್‌ನ ಪಾಲು ಶೇ 55, ಶಾರ್ಟ್ಸ್‌ನಲ್ಲಿ ಶೇ 45, ಮೆಂಬರ್‌ಶಿಪ್‌ನಲ್ಲಿ ಶೇ 70. ಕ್ಲೇಮ್ ಬಿದ್ದ ವಿಡಿಯೊದ ಶೇ 55 ಕಾಗದದ ಮೇಲಿನ ಅಂಕಿ. ಅನಿಮೆ ಚಾನೆಲ್‌ಗಳು ಪ್ರಾಯೋಜಕರು, ಅಭಿಮಾನಿಗಳು ನೇರವಾಗಿ ಹಣ ಕೊಡುವ ಪೇಟ್ರಿಯಾನ್ ತಾಣ ಮತ್ತು ಪಾಡ್‌ಕಾಸ್ಟ್ ಕಡೆಗೆ ವಾಲುವುದು ಇದಕ್ಕೇ. ಮೂವರು ಅನಿಮೆ ಯೂಟ್ಯೂಬರ್‌ಗಳು 2020ರಲ್ಲಿ ಶುರು ಮಾಡಿದ 'ಟ್ರ್ಯಾಶ್ ಟೇಸ್ಟ್' ಪಾಡ್‌ಕಾಸ್ಟ್ ಪೂರ್ತಿ ಮಾತಿನ ಮೇಲೇ ನಿಂತಿದೆ, ಅಲ್ಲಿ ಕ್ಲಿಪ್‌ನ ಹಂಗು ಕಡಿಮೆ.

ವಿಷಯದ ಆಯ್ಕೆಯೂ ಇದೇ ಲೆಕ್ಕದ್ದು. ಹೊಸ ಸರಣಿಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಶುರುವಾಗುತ್ತವೆ. ಮೊದಲ ಕೆಲವು ವಾರ ಹುಡುಕಾಟ ಜೋರು, ಹಕ್ಕುದಾರರ ಕಣ್ಣೂ ಚುರುಕು. ಈ ವಿಡಿಯೊ ಯಾವ ಸೀಸನ್ನಿಗೂ ಕಟ್ಟುಬಿದ್ದಿಲ್ಲ. ಮೊದಲ ವಾರದ ಅಂಕಿ ಸಪ್ಪೆಯಾಗಿದ್ದರೂ ವರ್ಷವಿಡೀ ನಿಧಾನವಾಗಿ ಓಡುವ ಬಗೆ.

ಉಳಿದಿರುವುದು

ಥಂಬ್‌ನೇಲ್ ಮೂರು ಬಗೆ ಮಾಡಿ ಯೂಟ್ಯೂಬ್‌ನ ಹೋಲಿಕೆ ಪರೀಕ್ಷೆಗೆ ಹಾಕಬೇಕು. ಬಲಗಡೆ ಕೆಳಮೂಲೆಯಲ್ಲಿ ಅವಧಿಯ ಪಟ್ಟಿ ಬರುವುದರಿಂದ ಅಲ್ಲಿ ಅಕ್ಷರ ಇಲ್ಲ. ಅಧ್ಯಾಯಗಳು 00:00ರಿಂದ, ಕನಿಷ್ಠ ಮೂರು, ಒಂದೊಂದೂ 10 ಸೆಕೆಂಡಿಗಿಂತ ಕಡಿಮೆಯಾಗದಂತೆ. ಕನ್ನಡ ಸಬ್‌ಟೈಟಲ್ ಕೈಯಾರೆ ತಯಾರಾಗುತ್ತಿದೆ, ಜಪಾನಿ ಹೆಸರುಗಳ ಕಾಗುಣಿತ ಇನ್ನೊಮ್ಮೆ ನೋಡಬೇಕಿದೆ. 7ನೇ ನಿಮಿಷದ ಟೈಮ್‌ಶೀಟ್‌ನಲ್ಲಿ ಬಿ ಕಾಲಂ ಒಂದು ಸಾಲು ಮುಂದೆ ಸರಿದಿದೆ. ಅದು ಸರಿಯಾದ ಮೇಲೆ ಮೂರನೇ ಪ್ರತಿ ಅಪ್‌ಲೋಡ್.