ಸ್ಕೋರ್ ಟೇಬಲ್‌ಗೆ ಒಂದು ಬೆಲ್ ಕೊಡಿ

ವಾಲಿಬಾಲ್ ಟೂರ್ನಮೆಂಟ್‌ಗೆ ಕೆಲಸ ಹಂಚುವಾಗ ನಮ್ಮಲ್ಲಿ ಒಂದು ರೂಢಿ ಇದೆ. ಮೊದಲು ಸ್ಟ್ಯಾಂಡ್ ಮೇಲೆ ನಿಲ್ಲುವ ಫಸ್ಟ್ ರೆಫ್ರಿ ಯಾರು ಅಂತ ತೀರ್ಮಾನ ಆಗುತ್ತದೆ. ಆಮೇಲೆ ಸೆಕೆಂಡ್ ರೆಫ್ರಿ, ಲೈನ್ ಜಡ್ಜ್. ಊಟ, ನೀರು, ಮೈಕ್, ಬಹುಮಾನದ ಮೇಜು, ಎಲ್ಲದಕ್ಕೂ ಜನ ಸಿಕ್ಕ ಮೇಲೆ ಉಳಿದವರನ್ನು ಕರೆದು ಸ್ಕೋರ್ ಟೇಬಲ್‌ನಲ್ಲಿ ಕೂರಿಸುತ್ತಾರೆ. 'ಬರೆಯೋದು ತಾನೇ, ಯಾರಾದ್ರೂ ಬರೀತಾರೆ ಬಿಡಿ' ಅನ್ನುವ ಮಾತು ನಾನು ಪಿ.ಇ. ಮಾಸ್ಟರ್ ಆಗಿ ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಈ ಬೇಸಿಗೆ ರಜೆಯಲ್ಲಿ ಕೊಡಗಿನ ಸೋಮವಾರಪೇಟೆ ಕಡೆ 17 ವರ್ಷದೊಳಗಿನ ಹುಡುಗರಿಗೆ ಒಂದು ಟೂರ್ನಮೆಂಟ್ ನಡೆಯಿತು. ಅಲ್ಲಿಂದ ಬಂದ ಮೇಲೆ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ.

ಕೊಡಗು ಅಂದರೆ ಎಲ್ಲರಿಗೂ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಈಗ ನೂರಾರು ತಂಡ ಬರುತ್ತವೆ. ಅದರ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ವಾಲಿಬಾಲ್ ಬೆಳೆದಿರುವುದು ಬೇರೆ ಜಾಗದಲ್ಲಿ. ತೋಟದ ಕೆಲಸಗಾರರ ಲೈನ್ ಮನೆಗಳ ಪಕ್ಕ, ಶಾಲೆ ಮೈದಾನದ ಮೂಲೆಯಲ್ಲಿ, ಕಾಫಿ ಒಣಗಿಸುವ ಕಣದಲ್ಲಿ. 18 ಮೀಟರ್ ಉದ್ದ, 9 ಮೀಟರ್ ಅಗಲ ಇದ್ದರೆ ಕೋರ್ಟ್ ಆಯಿತು. ಈ ಇಳಿಜಾರಿನ ಊರುಗಳಲ್ಲಿ ಅಷ್ಟು ಸಮತಟ್ಟು ಜಾಗ ಸಿಗುವುದೇ ಕಣದಲ್ಲಿ. ಕೊಯ್ಲು ಮುಗಿದು ಕಣ ಖಾಲಿಯಾದರೆ ಸಂಜೆ ಅಲ್ಲಿ ನೆಟ್ ಕಟ್ಟುತ್ತಾರೆ.

ಕಣದ ಆಟದಲ್ಲಿ ರೊಟೇಷನ್ ಇರುವುದಿಲ್ಲ, ಅಂದರೆ ಸರ್ವಿಸ್ ತಮ್ಮ ಕಡೆ ಬಂದಾಗಲೆಲ್ಲ ಆರೂ ಜನ ಒಂದೊಂದು ಜಾಗ ಸರಿದು ಸರದಿಯಂತೆ ಸರ್ವ್ ಮಾಡುವುದು ಇಲ್ಲ. ಚೆನ್ನಾಗಿ ಸರ್ವ್ ಮಾಡುವವನು ಸರ್ವ್ ಮಾಡುತ್ತಾನೆ, ಎತ್ತರ ಇರುವವನು ನೆಟ್ ಹತ್ತಿರವೇ ನಿಲ್ಲುತ್ತಾನೆ. ಹಾಗೆ ಆಡಿ ಬೆಳೆದ ಮಕ್ಕಳು ಟೂರ್ನಮೆಂಟ್‌ಗೆ ಬಂದಾಗ ಮೊದಲು ಎಡವುವುದು ಅಲ್ಲೇ. ಅವರ ಸ್ಮ್ಯಾಶ್ ನೋಡಿದರೆ ಎದೆ ತುಂಬುತ್ತದೆ. ರೊಟೇಷನ್ ಮಾತ್ರ ಇನ್ನೂ ಕಾಲಿಗೆ ಹತ್ತಿರುವುದಿಲ್ಲ. ಅಂಥ ಮಕ್ಕಳ ಆಟಕ್ಕೇ ಸ್ಕೋರ್ ಟೇಬಲ್ ಗಟ್ಟಿ ಇರಬೇಕು, ಅಲ್ವಾ?

ಆ ದಿನ ನಮ್ಮ ಟೇಬಲ್‌ನಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಕುರ್ಚಿ, ಜೆರಾಕ್ಸ್ ಮಾಡಿದ ಸ್ಕೋರ್ ಶೀಟ್, ಒಂದು ಪೆನ್ನು. ಹಾಳೆ ಹಾರದ ಹಾಗೆ ಮೇಲೆ ಗಾಳಿ ಹೊಡೆಯುವ ಪಂಪ್ ಇಟ್ಟಿದ್ದರು. ಕೂತಿದ್ದವಳು ಪಿಯುಸಿ ಓದುವ ಹುಡುಗಿ, ವಾಲಂಟಿಯರ್. ಹೈಸ್ಕೂಲಿನಲ್ಲಿ ತಾಲೂಕು ಮಟ್ಟಕ್ಕೆ ಆಡಿದ್ದಳು. ಪಕ್ಕದಲ್ಲಿ ಅಸಿಸ್ಟೆಂಟ್ ಸ್ಕೋರರ್ ಯಾರೂ ಇಲ್ಲ. ಬೆಲ್ ಇಲ್ಲ, ಹೂಟರ್ ಇಲ್ಲ. ಬೆಳಿಗ್ಗೆಯೇ ಕೇಳಿದ್ದೆ. 'ತರಿಸ್ತೀವಿ ಮಾಸ್ಟ್ರೇ' ಅಂದರು. ವೇದಿಕೆಯ ಎರಡೂ ಕಡೆ ಆಳೆತ್ತರದ ಸೌಂಡ್ ಬಾಕ್ಸ್ ಬಂದವು, ಬೆಲ್ ಬರಲಿಲ್ಲ.

ಸೆಮಿಫೈನಲ್. ತೋಟದ ಕಡೆಯ ಹುಡುಗರಿಗೂ ಪೇಟೆಯ ಹುಡುಗರಿಗೂ. ತಲಾ ಒಂದು ಸೆಟ್ ಆಗಿತ್ತು. ನಾನು ಸೆಕೆಂಡ್ ರೆಫ್ರಿ. ಮಧ್ಯಾಹ್ನ ಒಂದು ಮಳೆ ಬಿದ್ದು ಬಿಟ್ಟಿತ್ತು. ಸುಣ್ಣದ ಗೆರೆಗಳನ್ನು ಮತ್ತೆ ಎಳೆದಿದ್ದೆವು. ಮೂರನೇ ಸೆಟ್ 15ಕ್ಕೆ. 8ಕ್ಕೆ ಕೋರ್ಟ್ ಬದಲಾಯಿತು. 11-11 ಆದಾಗ ಸರ್ವಿಸ್ ತೋಟದವರಿಗೆ ಬಂತು. ಅವರು ರೊಟೇಟ್ ಆದರು, 5ನೇ ನಂಬರಿನ ಹುಡುಗ ಚೆಂಡು ತೆಗೆದುಕೊಂಡ. ಅಷ್ಟರಲ್ಲಿ ಪೇಟೆಯ ಕೋಚ್ ಟೈಮ್‌ಔಟ್ ಕೇಳಿದರು.

ಮೂವತ್ತು ಸೆಕೆಂಡ್ ಆದ ಮೇಲೆ ಹುಡುಗರು ಒಳಗೆ ಬಂದರು. ಬರುವಾಗ ತೋಟದವರು ಇನ್ನೊಮ್ಮೆ ರೊಟೇಟ್ ಆಗಿಬಿಟ್ಟಿದ್ದರು. ಸರ್ವ್‌ಗೆ ಹೋದವನು 9ನೇ ನಂಬರ್, ಅವರ ಜಂಪ್ ಸರ್ವರ್. ನನ್ನ ಕಣ್ಣು ರಿಸೀವ್ ಮಾಡುವ ತಂಡದ ಮೇಲೆ. ಆ ಕ್ಷಣದಲ್ಲಿ ಸೆಕೆಂಡ್ ರೆಫ್ರಿಯ ಕೆಲಸ ಅದೇ. ಸರ್ವಿಸ್ ಆರ್ಡರ್, ಅಂದರೆ ಸರ್ವ್ ಮಾಡುವವರ ಸರದಿ, ಕಾಯಬೇಕಾದದ್ದು ಟೇಬಲ್. 9 ಒಂದು ಹೊಡೆದ, ನೇರ ಏಸ್. ಇನ್ನೊಂದು ಹೊಡೆದ, ಪೇಟೆಯವರ ರಿಸೀವ್ ಹೊರಗೆ ಹಾರಿತು. ಮತ್ತೊಂದಕ್ಕೆ ಒಳ್ಳೆ ಬ್ಲಾಕ್. 14-11. ಜನ ಎದ್ದು ನಿಂತರು. ಲೈನ್ ಮನೆಗಳಿಂದ ಬಂದಿದ್ದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಗೆರೆಯವರೆಗೂ ಬಂದುಬಿಟ್ಟರು.

ನಾಲ್ಕನೇ ಸರ್ವ್ ಹೊಡೆದ ಕೂಡಲೇ ಹಿಂದಿನಿಂದ 'ಸರ್! ಸರ್!' ಅಂತ ಕೂಗು. ತಿರುಗಿದೆ. ಅವಳು ಕುರ್ಚಿ ಬಿಟ್ಟು ಎದ್ದು ಎರಡೂ ಕೈ ಎತ್ತಿದ್ದಳು. ನಾನು ವಿಸಿಲ್ ಹಾಕಿದೆ.

ನಿಯಮ ಹೀಗಿದೆ. ಸರದಿ ತಪ್ಪಿ ಸರ್ವ್ ಮಾಡಿದರೆ ಎದುರು ತಂಡಕ್ಕೆ ಒಂದು ಪಾಯಿಂಟ್ ಮತ್ತು ಸರ್ವಿಸ್. ತಪ್ಪು ಎಲ್ಲಿ ಶುರುವಾಯಿತು ಅಂತ ಸ್ಕೋರರ್‌ಗೆ ಖಚಿತವಾಗಿ ಗೊತ್ತಿದ್ದರೆ, ಅಲ್ಲಿಂದೀಚೆ ಆ ತಂಡ ಗಳಿಸಿದ ಪಾಯಿಂಟ್ ಎಲ್ಲ ರದ್ದು. ಗೊತ್ತಿಲ್ಲದಿದ್ದರೆ ಯಾವ ಪಾಯಿಂಟೂ ರದ್ದಾಗುವುದಿಲ್ಲ. ಅಂದರೆ ಅವಳು 'ಗೊತ್ತಿಲ್ಲ' ಅಂದರೆ 14-12. 'ಗೊತ್ತು' ಅಂದರೆ 11-12. ಆ ಹುಡುಗರ ಇಡೀ ಮ್ಯಾಚ್ ಅವಳ ಒಂದು ಮಾತಿನ ಮೇಲೆ ನಿಂತಿತ್ತು.

ಟೇಬಲ್ ಸುತ್ತ ಜನ ಸೇರಿದರು. ಪೇಟೆಯ ಕೋಚ್ ಮೂರೂ ಪಾಯಿಂಟ್ ತೆಗೀರಿ ಅಂತ ಒಂದು ಕಡೆ. ತೋಟದ ತಂಡದ ಮ್ಯಾನೇಜರ್ ಕೈ ಮುಗಿದುಕೊಂಡು ಇನ್ನೊಂದು ಕಡೆ. ನಾನು ಎಲ್ಲರನ್ನೂ ಹಿಂದೆ ಕಳಿಸಿ ಶೀಟ್ ಮೇಲೆ ಬಗ್ಗಿದೆ. ಮಂಜಿಗೆ ಹಾಳೆ ಮೆತ್ತಗಾಗಿತ್ತು, ಇಂಕು ಅಲ್ಲಲ್ಲಿ ಹರಡಿತ್ತು. ಟೈಮ್‌ಔಟ್ ಬಾಕ್ಸ್‌ನಲ್ಲಿ 11:11 ಅಂತ ಸ್ಪಷ್ಟವಾಗಿ ಬರೆದಿದ್ದಳು. 5ರ ಸಾಲಿನಲ್ಲಿ ಸರ್ವಿಸ್ ರೌಂಡ್‌ಗೆ ಟಿಕ್ ಬಿದ್ದಿತ್ತು. ಚೆಂಡು ಅವನ ಕೈಗೆ ಹೋದಾಗಲೇ ಹಾಕಿದ ಟಿಕ್ ಅದು.

ನನಗೆ ಅವಳು 'ಗೊತ್ತಿಲ್ಲ' ಅಂದುಬಿಡಲಿ ಅನ್ನಿಸುತ್ತಿತ್ತು. ಆ ಹುಡುಗರು ಮೋಸ ಮಾಡಿರಲಿಲ್ಲ, ಗಾಬರಿಯಲ್ಲಿ ಒಂದು ಹೆಜ್ಜೆ ಜಾಸ್ತಿ ತಿರುಗಿದ್ದರು ಅಷ್ಟೇ. 'ನೋಡಮ್ಮ, ಗಡಿಬಿಡಿ ಬೇಡ. ಖಂಡಿತ ಗೊತ್ತಿದ್ರೆ ಮಾತ್ರ ಹೇಳು' ಅಂದೆ. ದನಿಯಲ್ಲಿ ನನ್ನ ಆಸೆ ಕೇಳಿಸಿತೋ ಏನೋ. ಅವಳು ಪೆನ್ನಿನ ತುದಿಯನ್ನು ಆ ಟೈಮ್‌ಔಟ್ ಬಾಕ್ಸ್ ಮೇಲೇ ಒತ್ತಿ ಹಿಡಿದಿದ್ದಳು.

'ಗೊತ್ತಿದೆ ಸರ್. ಟೈಮ್‌ಔಟ್‌ಗೆ ಮುಂಚೆ ಚೆಂಡು 5ರ ಕೈಲಿತ್ತು. ಆಮೇಲಿನ ಮೊದಲನೇ ಸರ್ವಿಸ್ಸೇ 9 ಹೊಡೆದದ್ದು. ಆಗಲೇ ಕೈ ಎತ್ತಿದೆ, ಯಾರೂ ನೋಡ್ಲಿಲ್ಲ. ಆಮೇಲೆ ನಾನೇ ತಪ್ಪು ನೋಡಿದ್ನೇನೋ ಅಂತ ಶೀಟ್ ಚೆಕ್ ಮಾಡ್ತಾ ಕೂತೆ.'

ಸ್ಟ್ಯಾಂಡ್ ಮೇಲಿದ್ದ ಹಿರಿಯರಿಗೆ ಹೋಗಿ ಅಷ್ಟನ್ನೇ ಹೇಳಿದೆ. ಅವರು ಎರಡೂ ಕ್ಯಾಪ್ಟನ್‌ಗಳನ್ನು ಕರೆದರು. 14-11 ಇದ್ದದ್ದು 11-12 ಆಯಿತು.

ಆಮೇಲಿನ ಗಲಾಟೆ ಹೇಳುವುದು ಬೇಡ. ಸಮಿತಿಯ ಹಿರಿಯರೊಬ್ಬರು ಬಂದು 'ಮಕ್ಕಳ ಆಟ ಮಾಸ್ಟ್ರೇ, ಇಷ್ಟೊಂದು ರೂಲ್ಸ್ ಯಾಕೆ' ಅಂದರು. ಹಳೆಯ ಆಟಗಾರರೊಬ್ಬರು 'ನಮ್ಮ ಕಾಲದಲ್ಲಿ ಸರ್ವಿಸ್ ಹೋಗ್ತಿತ್ತು, ಎದುರಿನವರಿಗೆ ಪಾಯಿಂಟ್ ಕೊಡ್ತಿರಲಿಲ್ಲ' ಅಂತ ಜಗಳಕ್ಕೆ ನಿಂತರು. ಅವರ ಕಾಲಕ್ಕೆ ಅದು ಸರಿಯೇ. ಆಗ ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟ್. 1990ರ ದಶಕದ ಕೊನೆಯಲ್ಲಿ ರ್ಯಾಲಿ ಪಾಯಿಂಟ್ ಬಂದ ಮೇಲೆ ಪ್ರತಿ ತಪ್ಪಿಗೂ ಎದುರಿನವರ ಲೆಕ್ಕ ಏರುತ್ತದೆ. ತೋಟದ ಹುಡುಗರು 13-15ಕ್ಕೆ ಸೋತರು. 9ನೇ ನಂಬರಿನ ಹುಡುಗ ನೆಟ್ ಕಂಬ ಹಿಡಿದುಕೊಂಡು ಅತ್ತ. 5 ಅವನ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದ.

ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಮೊದಲನೇ ಸರ್ವಿಸ್‌ಗೇ ಆಟ ನಿಲ್ಲಿಸಿದ್ದರೂ ಸ್ಕೋರ್ 11-12 ಆಗುತ್ತಿತ್ತು. ಶೀಟ್ ಮೇಲೆ ವ್ಯತ್ಯಾಸ ಏನೂ ಇಲ್ಲ. ಆದರೆ ಮ್ಯಾಚ್ ಪಾಯಿಂಟ್ ಕೈಗೆ ಕೊಟ್ಟು ಕಿತ್ತುಕೊಂಡ ಹಾಗೆ ಆಗುತ್ತಿರಲಿಲ್ಲ. 11-12 ಅಂದರೆ ಮಕ್ಕಳು ಹಲ್ಲು ಕಚ್ಚಿ ಆಡುತ್ತಾರೆ. 14ಕ್ಕೆ ಹೋಗಿ 11ಕ್ಕೆ ಬಿದ್ದವರ ಕೈಕಾಲು ಆಡುವುದಿಲ್ಲ. ಅವತ್ತು ನಾನು ನೋಡಿದ್ದು ಅದನ್ನೇ. ಒಂದು ಬೆಲ್ ಇದ್ದಿದ್ದರೆ ಆ ಹುಡುಗಿ ಆಗಲೇ ಒತ್ತುತ್ತಿದ್ದಳು. ಅವಳ ಕೆಲಸದಲ್ಲಿ ಲೋಪ ಇರಲಿಲ್ಲ. ಇಂಥ ತೀರ್ಮಾನ ಮಾಡಬೇಕಾದವಳನ್ನು ಸದ್ದೇ ಇಲ್ಲದ ಟೇಬಲ್‌ನಲ್ಲಿ ಒಂಟಿಯಾಗಿ ಕೂರಿಸಿದವರು ನಾವು ದೊಡ್ಡವರು.

'ಮಕ್ಕಳ ಆಟ' ಅನ್ನುವವರಿಗೆ ನನ್ನದೊಂದು ಮಾತು. ಸೀನಿಯರ್ ಆಟಗಾರರಿಗೆ ತಪ್ಪಿದರೆ ಅವರೇ ಸರಿ ಮಾಡಿಕೊಳ್ಳುತ್ತಾರೆ. ಮಕ್ಕಳು ನಮ್ಮನ್ನು ನಂಬಿ ಅಂಗಳಕ್ಕೆ ಇಳಿದಿರುತ್ತಾರೆ. ನಿಯಮ ಸಡಿಲ ಮಾಡಬೇಕು ಅನ್ನಿಸಿದರೆ ಬೆಳಿಗ್ಗೆ ಮ್ಯಾನೇಜರ್ ಮೀಟಿಂಗ್‌ನಲ್ಲಿ ಮಾಡಿ, ಎಲ್ಲರ ಎದುರು. ಸರ್ವ್ ಹೊಡೆಯುವ ಮುಂಚೆ ಸ್ಕೋರರ್ ಎಚ್ಚರಿಸುವ ಹಾಗಿಲ್ಲ ಅನ್ನುವುದು ನಿಯಮ. 14 ವರ್ಷದೊಳಗಿನವರಿಗೆ ಮುಂಚೆಯೇ ಹೇಳಬಹುದು ಅಂತ ಎಲ್ಲ ತಂಡಗಳೂ ಒಪ್ಪಿಕೊಂಡರೆ ನನ್ನ ತಕರಾರಿಲ್ಲ, ಕಲಿಯುವ ವಯಸ್ಸು ಅದು. ಮೂರನೇ ಸೆಟ್ ಮಧ್ಯದಲ್ಲಿ, ಜನ ಕೂಗಿದರು ಅಂತ ಸಡಿಲ ಮಾಡಿದರೆ ಎದುರು ಕಡೆಯ ಆರು ಮಕ್ಕಳಿಗೆ ಅನ್ಯಾಯ.

ಇನ್ನೊಂದು ತೊಂದರೆ ಜೆರ್ಸಿಯದು. ನಂಬರ್ ಎದೆಗೂ ಬೆನ್ನಿಗೂ ಇರಬೇಕು. ಖರ್ಚು ಉಳಿಸಲು ಬೆನ್ನಿಗೆ ಮಾತ್ರ ಹಾಕಿಸುತ್ತಾರೆ. ಟೇಬಲ್‌ನಿಂದ ನೋಡಿದರೆ ಸರ್ವರ್ ಪಕ್ಕಕ್ಕೆ ತಿರುಗಿ ನಿಂತಿರುತ್ತಾನೆ. ಎದೆಯ ಮೇಲೆ ನಂಬರ್ ಇಲ್ಲದಿದ್ದರೆ ತೋಳು, ಕೂದಲು ನೋಡಿ ಗುರುತು ಹಿಡಿಯಬೇಕು. ಕೋಚ್ ಲೈನ್‌ಅಪ್ ಶೀಟ್, ಅಂದರೆ ಯಾರು ಯಾವ ಜಾಗದಲ್ಲಿ ಅನ್ನುವ ಪಟ್ಟಿ, ಕೊಡುವಾಗಲೇ ಇದನ್ನು ನೋಡಿ ಎದೆಗೆ ಟೇಪ್ ಅಂಟಿಸಿದರೆ ಮುಗಿಯಿತು.

ಈಗ ನಮ್ಮ ಶಾಲೆಯ ಮ್ಯಾಚ್‌ಗಳಲ್ಲಿ ಟೇಬಲ್‌ಗೆ ಇಬ್ಬರು. ಒಬ್ಬರು ಬರೆಯುತ್ತಾರೆ. ಇನ್ನೊಬ್ಬರು ಪ್ರತಿ ಸರ್ವಿಸ್‌ಗೂ ಸರ್ವರ್‌ನ ನಂಬರ್ ಮೆಲ್ಲಗೆ ಓದಿ ಹೇಳುತ್ತಾರೆ. ಬರೆಯುವವರು ಅದನ್ನು ಶೀಟ್‌ಗೆ ತಾಳೆ ನೋಡಿ ಆಮೇಲೆ ಟಿಕ್ ಹಾಕುತ್ತಾರೆ. ಶಾಲೆಯ ಹಳೆಯ ಕೈಗಂಟೆಯನ್ನು ಆಫೀಸಿನಿಂದ ಕೇಳಿ ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಟೈಮ್‌ಔಟ್ ಮುಗಿದು ತಂಡ ಒಳಗೆ ಬರುವಾಗ ಸರ್ವರ್ ಯಾರು ಅಂತ ನಾನೂ ಒಮ್ಮೆ ಟೇಬಲ್ ಕಡೆ ತಿರುಗಿ ನೋಡುತ್ತೇನೆ. ಆ ಹುಡುಗಿಗೆ ಹೇಳಿ ಒಂದು ಶನಿವಾರ ಮಧ್ಯಾಹ್ನ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸ್ಕೋರ್ ಶೀಟ್ ಕಲಿಸಲು ಕರೆದಿದ್ದೇನೆ. ತೋಟದ ತಂಡದ 5 ಮತ್ತು 9 ಇಬ್ಬರೂ ಬರುತ್ತೇವೆ ಅಂದಿದ್ದಾರೆ. ಮಳೆ ಜೋರಾಗಿ ಮೈದಾನಕ್ಕೆ ಇಳಿಯಲು ಆಗದಿದ್ದರೆ ಕ್ಲಾಸ್‌ರೂಮಿನ ನೆಲದಲ್ಲಿ ಸೀಮೆಸುಣ್ಣದಿಂದ ಆರು ಜಾಗ ಬರೆದು ರೊಟೇಷನ್ ಮಾಡಿಸುತ್ತೇವೆ.